ಪಟ್ಟಿಯಲ್ಲಿ ಶಾಮ, ಹನ್ನೊಂದು

ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ನಾನು ಒಂದು ಮೂಲೆಯಲ್ಲಿ ಬೆರಳಗಲ ಮಾತ್ರ ಎತ್ತಿದೆ. ಪೂರ್ತಿ ತೆಗೆದರೆ ಒಳಗಿನ ಹಕ್ಕಿಗಳು ಬೆಳಕಿಗೆ ನುಗ್ಗಿ ಬಿದಿರಿನ ಸೀಳಿಗೆ ತಲೆ ಬಡಿದುಕೊಳ್ಳುತ್ತವೆ. ಮೊದಲು ಕಂಡದ್ದು ಒಂದು ಬಾಲ. ಕಪ್ಪು, ಉದ್ದ, ಅಂಚಿನಲ್ಲಿ ಬಿಳಿ. ಅದರ ಬುಡದಲ್ಲಿ, ಸೊಂಟದ ಮೇಲೆ, ಸುಣ್ಣ ಹಚ್ಚಿದಂಥ ಬಿಳಿ. ಶಾಮ, ಕಾಡಿನ ಹಾಡುಹಕ್ಕಿ. ಅದರ ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಇನ್ನೊಂದು. ನಾನು ಗೋಣಿ ಮುಚ್ಚಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿ ಎಣಿಸಿದೆ. ಹನ್ನೊಂದಿದ್ದವು. ತಳದಲ್ಲಿದ್ದ ಒಂದು ಸತ್ತಿತ್ತು.

ಇದು ಬೆಳಗಾವಿಯ ಖಾಸಬಾಗದ ನಮ್ಮ ಓಣಿಯ ಸಮುದಾಯ ಭವನದ ಹಿತ್ತಲು. ದಶಲಕ್ಷಣ ಪರ್ವದ ಕೊನೆಯ ದಿನಕ್ಕೆ ಒಂದೇ ದಿನ ಬಾಕಿ ಇತ್ತು. ಆ ಕೊನೆಯ ದಿನ ಬೆಳಿಗ್ಗೆ ಪಂಜರದ ಹಕ್ಕಿಗಳನ್ನು ತರಿಸಿ, ಎಲ್ಲರೆದುರು ಬಿಟ್ಟು, ಜೀವದಯೆಯ ಪುಣ್ಯ ಪಡೆಯುವುದು ನಮ್ಮ ಓಣಿಯ ಜೈನ ಮನೆಗಳಲ್ಲಿ ಕೆಲವು ವರ್ಷಗಳಿಂದ ಬೆಳೆದು ಬಂದ ಪದ್ಧತಿ. ಶಾಸ್ತ್ರದಲ್ಲಿ ಹೀಗೆ ಎಲ್ಲೂ ಹೇಳಿಲ್ಲ. ನನ್ನ ತಾಯಿಯ ಕಾಲದಲ್ಲಿ ಗಾಯಗೊಂಡು ಸಿಕ್ಕ ಪಾರಿವಾಳವನ್ನು ಆರೈಕೆ ಮಾಡಿ ಬಿಡುತ್ತಿದ್ದರು, ಅಷ್ಟೇ. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಹಕ್ಕಿ ಗುರುತಿಸುವವಳು ಎಂದು ಓಣಿಗೆಲ್ಲ ಗೊತ್ತು. ಹಿಂದಿನ ವರ್ಷ ನನ್ನನ್ನು ಕರೆದು, ತಂದಿದ್ದ ಹಕ್ಕಿಗಳ ಹೆಸರು ಬರೆದುಕೊಡಲು ಹೇಳಿದ್ದರು, ಮೈಕಿನಲ್ಲಿ ಓದುವುದಕ್ಕೆ. ನಾನು ಬರೆದುಕೊಟ್ಟಿದ್ದೆ. ಕಾಡಿನ ಹಕ್ಕಿಯನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ ಎಂದು ಆಗಲೂ ನನಗೆ ಗೊತ್ತಿತ್ತು. ಇನ್ನು ಹತ್ತು ನಿಮಿಷಕ್ಕೆ ಬಿಡುತ್ತಾರಲ್ಲ ಎಂದುಕೊಂಡು, ಮುಂದಿನ ವರ್ಷದಿಂದ ಬೇಡ ಎಂದು ಮೆಲ್ಲಗೆ ಹೇಳಿ ಮನೆಗೆ ಹೋಗಿದ್ದೆ.

ಈ ವರ್ಷವೂ ಕರೆ ಬಂತು. ಮಾಡಿದವರು ಭವನದ ಕಾರ್ಯದರ್ಶಿ, ನನ್ನ ತಂದೆಯ ಗೆಳೆಯರು. ಬಟ್ಟೆ ಅಂಗಡಿಯ ಈ ಹಿರಿಯರನ್ನು ಓಣಿಯೆಲ್ಲ ಕಾಕಾ ಎನ್ನುತ್ತದೆ.

"ಬಾ ತಂಗಿ, ಕುಂದರು," ಎಂದರು ಕಾಕಾ. "ಈ ಸಲ ಬರೇ ಸಣ್ಣ ಗುಬ್ಬಿ ಅಲ್ಲ ನೋಡು. ಹಾಡೂ ಹಕ್ಕಿ ತರಿಸೀವಿ. ಹನ್ನೊಂದ ಮನಿಯವರು ಒಬ್ಬೊಬ್ಬರು ಒಂದೊಂದ ಕೈಯಾಗ ಹಿಡದ ಬಿಡತಾರ."

ಹಕ್ಕಿ ವ್ಯಾಪಾರಿ ಗೋಡೆಗೆ ಒರಗಿ ಕುಳಿತಿದ್ದ. ಅವನ ಮೊಣಕಾಲ ಬಳಿ ಸಣ್ಣ ಕತ್ತರಿ, ಪಕ್ಕದ ಕಾಗದದ ಮೇಲೆ ಕಪ್ಪು ಗರಿಗಳ ತುಂಡು. ನಾನು ಒಂದು ಶಾಮವನ್ನು ಕೈಗೆ ತೆಗೆದುಕೊಂಡೆ. ತೋರುಬೆರಳು, ನಡುಬೆರಳ ನಡುವೆ ಕುತ್ತಿಗೆ ಬರಬೇಕು, ಅಂಗೈ ಬೆನ್ನಿಗೆ ತಾಗಬೇಕು, ಎದೆಯನ್ನು ಒತ್ತಬಾರದು. ಎದೆ ಒತ್ತಿದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲ. ಬಲ ರೆಕ್ಕೆ ಬಿಡಿಸಿದೆ. ತುದಿಯ ಉದ್ದ ಗರಿಗಳೆಲ್ಲ ನೇರವಾಗಿ, ಒಂದೇ ಅಳತೆಗೆ ಕತ್ತರಿಸಿದ್ದವು.

"ಇದೇನು?" ಎಂದೆ.

"ಕೈಯಾಗಿಂದ ಬಿಟ್ಟ ಕೂಡ್ಲೆ ಭರ್ ಅಂತ ಹೋದ್ರ ಫೋಟೋ ಸಿಗಂಗಿಲ್ರೀ ಬಾಯಾರ," ಎಂದ ವ್ಯಾಪಾರಿ, ನನಗೆ ತಿಳಿಯದ್ದನ್ನು ತಿಳಿಸಿಕೊಡುವವನಂತೆ. "ಒಂದ ಕಡೆ ಕಟ್ ಮಾಡಿದ್ರ ಈ ಬೇವಿನ ಗಿಡಾ ಹಿಡಿತಾವ. ಆರ ಆಗ್ಯಾವ. ಇನ್ನ ನಾಕ ಉಳದಾವ, ಚಾ ಕುಡದ ಮಾಡ್ತೇನಿ."

ಬೇವಿನ ಮರದಲ್ಲಿ ಕೂತ, ಹಾರಲಾಗದ ಹಕ್ಕಿಯನ್ನು ಜನ ಹೋದ ಮೇಲೆ ಯಾರು ಇಳಿಸಿಕೊಳ್ಳುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಕಾಕಾ, ಇದು ನಿಮಗ ಗೊತ್ತಿತ್ತೇನು?"

ಕಾಕಾ ರೆಕ್ಕೆಯನ್ನು ನೋಡಲಿಲ್ಲ. "ಹಿಡದಾವಂದು ಪಾಪ ಅವಗ. ಬಿಡವರು ನಾವು," ಎಂದರು. "ನೀ ಹೆಸರ ಬರದ ಕೊಡು. ಕಾರ್ಡ್ ಛಾಪಿಸಬೇಕು."

ಸಿಟ್ಟು ಬಂತು, ಆದರೆ ಕೈಯಲ್ಲಿ ಹಕ್ಕಿ ಇತ್ತು. ಅದನ್ನು ಬುಟ್ಟಿಗೆ ಇಳಿಸಿ, ಗೋಣಿ ಮುಚ್ಚಿ, ಕತ್ತರಿಯನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಗೇಟಿನ ಹೊರಗೆ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಹಿಂದಿರುಗಿ ಬಂದು ಕಾಕಾ ಅವರಿಗೆ ಅದನ್ನು ಹೇಳಿದೆ.

"ನಿಮ್ಮಪ್ಪ ಇದ್ದಿದ್ರ ನಾಚತಿದ್ದ," ಎಂದರು. "ಧರ್ಮದ ಕೆಲಸಕ್ಕ ಪೊಲೀಸರನ್ನ ಕರಸ್ತಾರೇನ?"

ಬಂದವರು ಉಪ ವಲಯ ಅರಣ್ಯಾಧಿಕಾರಿ ಮತ್ತು ಇಬ್ಬರು ಗಾರ್ಡ್‌ಗಳು. ಅಧಿಕಾರಿ ಒಳ್ಳೆಯವರು, ಆದರೆ ಅವಸರದವರು. ಪಂಚನಾಮೆಯ ಹಾಳೆ ತೊಡೆಯ ಮೇಲಿಟ್ಟುಕೊಂಡು, "ಮೇಡಂ, ಎಲ್ಲಾ ಗುಬ್ಬಿ ಜಾತಿ, ಅರವತ್ತ ಚಿಲ್ಲರೆ ಅಂತ ಬರದ ಬಿಡ್ಲಿ?" ಎಂದರು.

"ಬ್ಯಾಡ್ರಿ. ಒಂದೊಂದ ಬರಕೋರಿ."

"ಹಕ್ಕಿ ಹಕ್ಕಿನ ಅಲ್ಲೇನ್ರೀ? ಶಿಕ್ಷಾ ಎಲ್ಲಾದಕ್ಕೂ ಅದ."

"ಶಿಕ್ಷಾ ಸಲುವಾಗಿ ಅಲ್ಲ. ಎಲ್ಲಿ ಬಿಡಬೇಕು ಅನ್ನೂದರ ಸಲುವಾಗಿ."

ಆ ಮಧ್ಯಾಹ್ನದ ಕೆಲಸ ಇಷ್ಟೇ ಆಗಿತ್ತು: ಯಾವ ಹಕ್ಕಿ ಯಾವುದು, ಆದ್ದರಿಂದ ಅದರ ಮನೆ ಎಲ್ಲಿ. ರಾಟವಾಳಗಳು ನಲವತ್ತಿದ್ದವು. ಎದೆಯ ಮೇಲೆ ಮೀನಿನ ಹುರುಪೆಯಂಥ ಗುರುತಿರುವ ಈ ಕಾಳು ತಿನ್ನುವ ಹಕ್ಕಿಗೆ ಗದ್ದೆಯಂಚು ಸಾಕು. ಕಿತ್ತಳೆ ತಲೆಯ ನೆಲಸಿಳ್ಳಾರ ಎರಡು. ಅವಕ್ಕೆ ಕೊಳೆತ ಎಲೆಯ ಹಾಸು, ಒದ್ದೆ ನೆಲ ಬೇಕು. ಎಲೆಹಕ್ಕಿ ಮೂರು. ಎರಡಕ್ಕೆ ಹಣೆ ಚಿನ್ನದ ಬಣ್ಣ, ಗಂಟಲು ಕಪ್ಪು. ಅವು ದಟ್ಟ ಕಾಡಿನವು. ಮೂರನೆಯದಕ್ಕೆ ಹಣೆಯಲ್ಲಿ ಚಿನ್ನವಿಲ್ಲ, ಗಂಟಲು ನೀಲಿ ಹಸಿರು. ಅದು ಬಯಲು ಸೀಮೆಯ ಹುಣಸೆ ಮರದಲ್ಲಿ ಬದುಕುವ ಇನ್ನೊಂದು ಜಾತಿಯ ಹೆಣ್ಣು. ಮೂರನ್ನೂ ಒಂದೇ ಎಂದು ಬರೆದು ಜಾಂಬೋಟಿಯ ಮಳೆಕಾಡಿಗೆ ಬಿಟ್ಟಿದ್ದರೆ, ನಾವೂ ವ್ಯಾಪಾರಿಯ ಕೆಲಸವನ್ನೇ ಮುಂದುವರಿಸಿದಂತೆ.

ತಡವಾದದ್ದು ಒಂದೇ ಹಕ್ಕಿಯಿಂದ. ಮಡಿವಾಳ ಹಕ್ಕಿಗಳ ಬುಟ್ಟಿಯಲ್ಲಿ ಐದಿದ್ದವು. ಮಡಿವಾಳ ಊರಿನ ಹಕ್ಕಿ, ಹಿತ್ತಲಲ್ಲೇ ಹಾಡಿಕೊಂಡಿರುತ್ತದೆ. ಶಾಮ ಅದರ ಕಾಡಿನ ದಾಯಾದಿ. ಐದರಲ್ಲಿ ಒಂದು ಹೆಣ್ಣಿಗೆ ಬಾಲವೇ ಇರಲಿಲ್ಲ, ಹಿಡಿಯುವಾಗ ಕಿತ್ತು ಹೋಗಿತ್ತು. ಮೈಯೆಲ್ಲ ಒದ್ದೆ. ಬೂದು ಬಣ್ಣ ಬಿಟ್ಟರೆ ಹೇಳಲು ಏನೂ ಇಲ್ಲ. ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇದ್ದರೆ ಮಡಿವಾಳ, ಸೊಂಟ ಬಿಳಿಯಿದ್ದರೆ ಶಾಮ. ಒದ್ದೆ ಗರಿ ಒಂದಕ್ಕೊಂದು ಅಂಟಿದಾಗ ಎರಡೂ ಕಾಣುವುದಿಲ್ಲ. ಅದನ್ನು ಒಣ ಬಟ್ಟೆಯ ಚೀಲದಲ್ಲಿ ಕತ್ತಲಲ್ಲಿ ಇಟ್ಟು ಕಾದೆವು. ಅಧಿಕಾರಿ ಎರಡು ಸಲ ಗಡಿಯಾರ ನೋಡಿದರು. ಅರ್ಧ ಗಂಟೆಯ ಮೇಲೆ ತೆಗೆದು ರೆಕ್ಕೆ ಬಿಡಿಸಿದೆ. ಬಿಳಿ ಪಟ್ಟಿ ಇತ್ತು. ಮಡಿವಾಳ, ಐದು.

ಹನ್ನೊಂದು ಶಾಮಗಳಲ್ಲಿ ಒಂದು ಸತ್ತದ್ದು. ಆರಕ್ಕೆ ರೆಕ್ಕೆ ಕತ್ತರಿಸಿದ್ದರು. ನಾಲ್ಕು ಪೂರ್ಣ ಇದ್ದವು. ಕತ್ತರಿಸಿದ ಗರಿ ಮತ್ತೆ ಉದ್ದವಾಗುವುದಿಲ್ಲ, ನಮ್ಮ ಕೂದಲಿನಂತಲ್ಲ. ಆ ಮೋಟು ತಾನಾಗಿ ಉದುರಿ ಹೊಸ ಗರಿ ಬರುವವರೆಗೆ ಕಾಯಬೇಕು. ತಿಂಗಳುಗಟ್ಟಲೆ.

ಅಧಿಕಾರಿ ಹಾಳೆಗಳನ್ನು ಹಿಡಿದು ನ್ಯಾಯಾಲಯಕ್ಕೆ ಓಡಿದರು. ಹಕ್ಕಿಗಳು ಈಗ ಮುದ್ದೆಮಾಲು, ಪ್ರಕರಣದಲ್ಲಿ ವಶಪಡಿಸಿಕೊಂಡ ಸಾಕ್ಷ್ಯ. ಅಪ್ಪಣೆ ಇಲ್ಲದೆ ಬಿಡುವಂತಿಲ್ಲ. ನಾಲ್ಕು ಗಂಟೆಗೆ ಆದೇಶ ಸಿಕ್ಕಿತು. ಮಡಿವಾಳಗಳನ್ನೂ ಬಯಲಿನ ಎಲೆಹಕ್ಕಿಯನ್ನೂ ನಗರದ ಹೊರಗಿನ ತೋಪಿನಲ್ಲಿ, ರಾಟವಾಳಗಳನ್ನು ಖಾನಾಪುರದ ದಾರಿಯ ಭತ್ತದ ಗದ್ದೆಗಳಲ್ಲಿ ಅಂದೇ ಬಿಟ್ಟೆವು. ರೆಕ್ಕೆ ಕತ್ತರಿಸಿದ ಆರು ಶಾಮಗಳನ್ನು ಖಾನಾಪುರದ ಬಳಿ ಇಲಾಖೆಯ ಸಸಿ ಬೆಳೆಸುವ ನರ್ಸರಿಯ ಶೆಡ್ಡಿಗೆ ಸೇರಿಸಿದೆವು. ಪೂರ್ಣ ರೆಕ್ಕೆಯ ನಾಲ್ಕು ಮತ್ತು ಉಳಿದ ಕಾಡು ಹಕ್ಕಿಗಳು ಮರುದಿನ ಬೆಳಿಗ್ಗೆ ಜಾಂಬೋಟಿಗೆ ಹೋಗಬೇಕಿತ್ತು.

ಮರುದಿನ ಜೀಪಿನಲ್ಲಿ ಇನ್ನೊಬ್ಬನಿದ್ದ. ವ್ಯಾಪಾರಿ ಅವನ ಹೆಸರು ಹೇಳಿದ್ದ. ಹಕ್ಕಿಗಳನ್ನು ಕಾಡಿನಲ್ಲಿ ಹಿಡಿದವನು ಅವನೇ, ಸುಮಾರು ನಲವತ್ತರ ಆಳು. ಎಲ್ಲಿ ಹಿಡಿದನೆಂದು ತೋರಿಸಿ ಸ್ಥಳ ಮಹಜರು ಮಾಡಲು ಕರೆತಂದಿದ್ದರು. ನಾನು ಅವನ ಕಡೆ ನೋಡಲಿಲ್ಲ. ನೋಡಿದರೆ ಏನಾದರೂ ಅಂದುಬಿಡುತ್ತೇನೆ ಅನ್ನಿಸಿತ್ತು.

ಜಾಂಬೋಟಿ ದಾಟಿ, ಜೀಪು ನಿಲ್ಲಿಸಿ, ಜಿಟಿಜಿಟಿ ಮಳೆಯಲ್ಲಿ ಹಳ್ಳದ ಗುಂಟ ನಡೆದೆವು. ಮೊದಲು ನೆಲಸಿಳ್ಳಾರಗಳು ಒದ್ದೆ ಎಲೆಗಳ ನಡುವೆ ಹೋದವು, ಆಮೇಲೆ ಎರಡು ಎಲೆಹಕ್ಕಿ. ಕೊನೆಗೆ ಶಾಮ. ನಾಲ್ಕೂ ಬೇರೆ ಬೇರೆ ಬಟ್ಟೆ ಚೀಲದಲ್ಲಿದ್ದವು. ಶಾಮದ ಗಂಡು ತನ್ನ ಬಿದಿರು ಮೆಳೆಗೆ ಇನ್ನೊಂದು ಗಂಡನ್ನು ಬಿಡುವುದಿಲ್ಲ, ಬಡಿದಾಡುತ್ತದೆ. ಹಾಗಾಗಿ ಒಂದೊಂದನ್ನು ದೂರ ದೂರ ಬಿಡೋಣ ಎಂದು ನಾನು ಹೇಳುತ್ತಿದ್ದೆ. ಹಿಡಿದವನು ನಡುವೆ ಬಾಯಿ ಹಾಕಿದ.

"ಅದು ಇಲ್ಲಿದಲ್ರೀ ಬಾಯಾರ. ಬಾಲದ ತುದಿ ಮುರದದ್ದು ಹಳ್ಳದ ಆಚಿಕಡೆದು. ಇಲ್ಲಿದು ಆ ಎರಡನೇ ಚೀಲದಾಗ ಐತಿ, ಕಾಲಿಗೆ ಗಂಟ ಇದ್ದದ್ದು."

ನಾನು ಎರಡನೆಯ ಚೀಲ ಬಿಚ್ಚಿ ನೋಡಿದೆ. ಎಡಗಾಲ ಬೆರಳಿನಲ್ಲಿ ಹಳೆಯ ಗಂಟು ಇತ್ತು. ಜಾತಿ ಗುರುತಿಸಲು ನನಗೆ ಇಪ್ಪತ್ತು ವರ್ಷ ಬೇಕಾಗಿದೆ. ಅವನು ಒಂದೊಂದು ಹಕ್ಕಿಯನ್ನೇ ಗುರುತಿಸುತ್ತಿದ್ದ. ಈ ತಿಳಿವಳಿಕೆಯನ್ನು ಇಟ್ಟುಕೊಂಡು ಮಾಡಿದ್ದು ಇದನ್ನೇ ಎಂದು ನನ್ನ ಸಿಟ್ಟು ಇಮ್ಮಡಿಯಾಯಿತು.

"ಇಷ್ಟು ಗೊತ್ತಿದ್ದವನು ಹೆಂಗಪಾ ಹಿಡದಿ ಇವನ್ನ?" ಎಂದೆ.

"ಇಷ್ಟ ವರ್ಷ ಹಿಡದಿಲ್ರೀ. ಖರೇ ಹೇಳತೇನಿ. ನಮಗ ಬೇಕಾಗೂದು ರಾಟವಾಳ. ಬಲಿಯಾಗ ಇದು ಬಿದ್ರ ಬಿಡಿಸಿ ಬಿಡತಿದ್ದೆ. ಹೋದ ವರ್ಷ ಎರಡ ತಪ್ಪಿ ಬುಟ್ಟ್ಯಾಗ ಹೋಗಿದ್ದೂ. ಈ ಸಲ ಅದನ್ನ ತಾ ಅಂದ್ರು. ಸುಮ್ಮನ ಅಲ್ರೀ, ಲೇಖಿ ಬರದ ಕೊಟ್ಟಾರ."

ಅವನು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಮೊಬೈಲ್ ತೆಗೆದು, ಫೋಟೋ ಹುಡುಕಿ ನನ್ನ ಮುಂದೆ ಹಿಡಿದ.

"ಎಲ್ಲಿ ಇರತೈತಿ ಅನ್ನೂದೂ ಬರದಾರ. ನಂಗ ಓದಾಕ ಬರಂಗಿಲ್ಲ, ಮಗಳು ಓದಿ ಹೇಳಿದ್ಲು. ಯಾರೋ ಶಾಣ್ಯಾರ ಬರದಾರ ನೋಡ್ರಿ, ಅಕ್ಷರ ಮುತ್ತಿನಂಗ ಅದಾವ."

ಗೆರೆ ಹಾಕಿದ ಹಾಳೆಯ ಫೋಟೋ ಅದು. ಅಕ್ಷರ ನನ್ನವು. 'ಶಾಮ, ಎರಡು. ನಮ್ಮ ಕಾಡಿನ ಅತಿ ಇಂಪಾದ ಹಾಡುಗಾರ. ಊರಿನಲ್ಲಿ ಕಾಣುವುದು ತೀರ ಅಪರೂಪ. ಜಾಂಬೋಟಿ ಕಡೆ ಹಳ್ಳದ ಪಕ್ಕದ ಬಿದಿರು ಮೆಳೆಯಲ್ಲಿ ವಾಸ.' ಹಿಂದಿನ ವರ್ಷ ಮೈಕಿನಲ್ಲಿ ಓದಲೆಂದು ಬರೆದುಕೊಟ್ಟ ಪಟ್ಟಿ. 'ಎರಡು' ಎಂಬಲ್ಲಿ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, ಮೇಲೆ 'ಹನ್ನೊಂದು' ಎಂದು ಬರೆದಿತ್ತು. ಆ ಬರಹ ಕಾಕಾ ಅವರದು. ಅಪರೂಪದ ಜೀವ ಬಿಟ್ಟರೆ ಹೆಚ್ಚಿನ ಪುಣ್ಯ ಎಂದು ಅವರಿಗೆ ಅನ್ನಿಸಿರಬೇಕು. ಅಪರೂಪ ಎಂದು ಹೇಳಿಕೊಟ್ಟವಳು ನಾನು. ವಿಳಾಸವನ್ನೂ ಕೊಟ್ಟಿದ್ದೆ.

ಕಾಕಾ, ವ್ಯಾಪಾರಿ, ಹಿಡಿದವನು ಎಂದು ಹಿಂದಿನ ದಿನದಿಂದ ಸಿಟ್ಟನ್ನು ಹಂಚುತ್ತಾ ಬಂದಿದ್ದೆ. ನನ್ನ ಪಾಲು ಈಗ ಸಿಕ್ಕಿತು. ಅದರಿಂದ ಉಳಿದವರ ಪಾಲು ಕಡಿಮೆಯಾಗಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು.

ನಾಲ್ಕು ಶಾಮಗಳನ್ನು ಅವನು ಹೇಳಿದ ನಾಲ್ಕು ಮೆಳೆಗಳಲ್ಲಿಯೇ ಬಿಟ್ಟೆವು. ಅಧಿಕಾರಿ ಬಂಡೆಯ ಮೇಲೆ ಕುಳಿತು, ಕೊಡೆಯ ಕೆಳಗೆ ಮಹಜರು ಬರೆದರು. ಓದಿ ಸಹಿ ಮಾಡಲು ನನಗೆ ಕೊಟ್ಟಾಗ ನಾನು ಸಹಿ ಮಾಡಲಿಲ್ಲ.

"ಆ ಫೋಟೋ ಸೇರಿಸ್ರಿ. ಪಟ್ಟಿ ಬರದಾಕಿ ನಾನು ಅಂತ ಸೇರಿಸ್ರಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಮೇಡಂ, ನೀವು ನಮ್ಮ ಸಾಕ್ಷಿ. ನಾಳೆ ಅವರ ವಕೀಲ ನಿಮ್ಮನ್ನ ಕಟಕಟೆದಾಗ ನಿಲ್ಲಿಸಿ ಇದನ್ನ ಹಿಡದ ಜಗ್ಗತಾನ. ನೀವ ಹಿಡೀರಿ ಅಂತ ಬರದಿಲ್ಲಲ್ಲ? ಸುಮ್ಮನ ಯಾಕ ಮೈಮ್ಯಾಲೆ ಹಾಕ್ಕೋತೀರಿ?"

"ಜಗ್ಗಲಿ. ಇಲ್ಲಿ ನಿಂತ ಎಲ್ಲಾ ಹಕ್ಕಿ ಹೆಸರು ಸರಿ ಬರಸೇನಿ. ಇದೊಂದ ಬಿಟ್ರ ಪಂಚನಾಮೆ ಸುಳ್ಳಾಗತದ."

ಅವರು ತಲೆ ಅಲ್ಲಾಡಿಸಿ ಇನ್ನೊಂದು ಹಾಳೆ ತೆಗೆದರು.

ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ನೋಯಿಸಿದ ಎಲ್ಲರ ಬಳಿ ಹೋಗಿ ಕ್ಷಮೆ ಕೇಳುವ ದಿನ. ಕಾಕಾ ನಮ್ಮ ಬಾಗಿಲಿಗೆ ಬಂದರು. ಅವರ ಮೇಲೆ ಪ್ರಕರಣ ದಾಖಲಾಗಿತ್ತು, ಎರಡೇ ದಿನದಲ್ಲಿ ಮುಖ ಇಳಿದಿತ್ತು. ಕೈ ಜೋಡಿಸಿ "ಉತ್ತಮ ಕ್ಷಮಾ, ತಂಗಿ" ಎಂದರು. ತಿರುಗಿ ಅದೇ ಮಾತು ಹೇಳುವುದು ಪದ್ಧತಿ.

"ನನಗ ಹೇಳಬ್ಯಾಡ್ರಿ ಕಾಕಾ," ಎಂದೆ. "ಖಾನಾಪುರಕ್ಕ ಬರ್ರಿ. ಅಲ್ಲಿ ಆರ ಅದಾವ, ಅವಕ್ಕ ಹೇಳ್ರಿ."

ನರ್ಸರಿಯ ಶೆಡ್ಡಿನಲ್ಲಿ ಆರು ಪಂಜರಗಳನ್ನು ಗೋಣಿಯಿಂದ ಮರೆ ಮಾಡಿ, ಒಂದು ಇನ್ನೊಂದಕ್ಕೆ ಕಾಣದಂತೆ ಇಟ್ಟಿದ್ದೆವು. ವಾರಕ್ಕೆ ಮೂರು ದಿನ ಕಾಲೇಜು ಮುಗಿಸಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಉಳಿದ ದಿನ ಒಬ್ಬ ಗಾರ್ಡ್ ನೋಡಿಕೊಳ್ಳುತ್ತಿದ್ದರು. ಶಾಮ ಕಾಳು ತಿನ್ನುವ ಹಕ್ಕಿಯಲ್ಲ. ಅದಕ್ಕೆ ಜೀವಂತ ಹುಳು ಬೇಕು. ಗೊಬ್ಬರದ ಗುಂಡಿ ಕೆದಕಿ ಹುಳು ಆರಿಸುವುದು, ಗೆದ್ದಲು ತರುವುದು, ಮಿಡತೆಯ ಕಾಲು ಮುರಿದು ತಟ್ಟೆಗೆ ಹಾಕುವುದು. ನಾನು ಹುಟ್ಟಿದ ಮನೆಯಲ್ಲಿ ಕತ್ತಲಾದ ಮೇಲೆ ದೀಪಕ್ಕೆ ಹುಳು ಬಿದ್ದೀತೆಂದು ಊಟ ಮಾಡುತ್ತಿರಲಿಲ್ಲ. ಆರು ಹಕ್ಕಿಗಳನ್ನು ಉಳಿಸಲು ನಾನು ಎಷ್ಟು ಜೀವ ತೆಗೆದೆ ಎಂದು ಎಣಿಸಿಲ್ಲ.

ಕಾಕಾ ನಿಜವಾಗಿಯೂ ಒಂದು ದಿನ ಬಂದರು. ಸ್ಟೂಲಿನ ಮೇಲೆ ಕುಳಿತು ಪಂಜರದ ಕಡೆ ನೋಡುತ್ತಿದ್ದರು. ನಾನು ಹುಳುವಿನ ಡಬ್ಬಿ ತೆರೆದೆ.

"ಇದೇನ?"

"ಊಟ. ಒಂದಕ್ಕ ದಿನಕ್ಕ ಇಪ್ಪತ್ತ ಮೂವತ್ತ ಬೇಕು. ಹಾಕ್ತೀರೇನು?"

ಅವರು ಡಬ್ಬಿಯನ್ನು ನೋಡಿದರು, ನನ್ನ ಬೆರಳನ್ನು ನೋಡಿದರು, ಎದ್ದು ಹೊರಗೆ ಹೋದರು. ಗೇಟಿನ ಬಳಿ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದರು. ನಾನು ಕರೆಯಲಿಲ್ಲ.

ಎರಡು ಶಾಮ ದೀಪಾವಳಿಗೆ ಮುಂಚೆಯೇ ಸತ್ತವು. ಒಂದು ಹೆದರಿ ಹಾರಿ ತಲೆ ಒಡೆದುಕೊಂಡು, ಇನ್ನೊಂದು ಕಾರಣ ತಿಳಿಯದೆ. ಉಳಿದ ನಾಲ್ಕರ ಮೋಟು ಗರಿಗಳು ಒಂದೊಂದಾಗಿ ಉದುರಿ, ನೀಲಿ ಕೊಳವೆಯಂಥ ಹೊಸ ಚಿಗುರು ಬಂತು. ಪ್ರತಿ ವಾರ ರೆಕ್ಕೆ ಬಿಡಿಸಿ, ಗರಿಯ ಉದ್ದವನ್ನು ಅಳೆದು ಬರೆಯುತ್ತಿದ್ದೆ. ಎಡಕ್ಕೂ ಬಲಕ್ಕೂ ಅಳತೆ ಕೂಡಿದ ಮೇಲೂ ಆತುರ ಮಾಡಲಿಲ್ಲ. ಶೆಡ್ಡಿನೊಳಗೆ ಬಲೆ ಕಟ್ಟಿ, ಈ ತುದಿಯಿಂದ ಆ ತುದಿಗೆ ತಿಂಗಳೊಪ್ಪತ್ತು ಹಾರಿಸಿದೆವು. ಚಳಿ ಕಳೆದು ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಅಪ್ಪಣೆ ತೆಗೆದುಕೊಂಡು ಮತ್ತೆ ಜಾಂಬೋಟಿಗೆ ಹೊರಟೆವು. ಜಾಮೀನಿನ ಮೇಲಿದ್ದ ಹಿಡಿದವನನ್ನೂ ಕರೆದೆವು. ಯಾವ ಹಕ್ಕಿ ಯಾವ ಮೆಳೆಯದು ಎಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಬಾಗಿದ ಬಿದಿರಿನ ಒಂದು ಮೆಳೆ ತೋರಿಸಿ ಅವನು "ಇದು" ಎಂದ. ಚೀಲದ ಬಾಯಿ ಬಿಚ್ಚಿದೆ. ಹಕ್ಕಿ ಒಂದು ಕ್ಷಣ ಬೆರಳ ಮೇಲೆ ಕೂತಿದ್ದು, ಕಪ್ಪು ಗೆರೆಯಂತೆ ಬಿದಿರಿನೊಳಗೆ ಹೋಯಿತು. ಕಾದೆವು. ಇಷ್ಟು ತಿಂಗಳು ಪಂಜರದಲ್ಲಿದ್ದ ಗಂಡು ಮತ್ತೆ ಹಾಡುತ್ತದೆಯೇ, ತನ್ನ ಜಾಗವೆಂದು ಹಿಡಿದುಕೊಳ್ಳುತ್ತದೆಯೇ ಎಂಬುದು ಮುಖ್ಯ. ಸದ್ದಿರಲಿಲ್ಲ.

"ಕೇಳೂಣೇನ್ರೀ?" ಎಂದ ಹಿಡಿದವನು. ಅಧಿಕಾರಿ ಹೂಂ ಎಂದರು.

ಅವನು ತುಟಿ ಮಡಿಚಿ ಸಿಳ್ಳೆ ಹಾಕಿದ. ಕೆಳಗಿನಿಂದ ನಿಧಾನ ಏರಿ, ಕೊನೆಗೆ ಒಡೆದು ಚೆಲ್ಲುವ ಸಿಳ್ಳೆ. ಬೆನ್ನು ತಿರುಗಿಸಿ ಕೇಳಿದ್ದರೆ ನಾನು ಶಾಮ ಎಂದೇ ಬರೆದುಕೊಳ್ಳುತ್ತಿದ್ದೆ. ಮೆಳೆಯೊಳಗಿಂದ ಅದೇ ಸಿಳ್ಳೆ ತಿರುಗಿ ಬಂತು, ಇನ್ನೂ ಜೋರಾಗಿ. ಅಧಿಕಾರಿ ತೊಡೆ ತಟ್ಟಿ "ಭೇಷ್" ಎಂದರು. ನಾನೂ ನಕ್ಕೆ. ಆರು ತಿಂಗಳಲ್ಲಿ ಮೊದಲ ಸಲ ನಕ್ಕಿರಬೇಕು.

ಆಗ ಹಕ್ಕಿ ಮೆಳೆಯಿಂದ ಹೊರಬಂದು, ನಮ್ಮಿಂದ ನಾಲ್ಕು ಮಾರು ದೂರದ ಕೊಂಬೆಯ ಮೇಲೆ ಕೂತು, ಬಾಲ ಎತ್ತಿ ಹಾಡತೊಡಗಿತು.

"ಇನ್ನೊಂದ ಊದಿದ್ರ ಕೈಗೇ ಬರತೈತ್ರೀ," ಎಂದ ಅವನು, ಮೆಲ್ಲಗೆ, ಹೆಮ್ಮೆಯಿಂದ.

ನಾನು ಬಗ್ಗಿ ಮಣ್ಣಿನ ಹೆಂಟೆ ತೆಗೆದುಕೊಂಡು ಆ ಕೊಂಬೆಯ ಬುಡಕ್ಕೆ ಬೀಸಿದೆ. ಎರಡೂ ಕೈ ತಟ್ಟಿ ಕಿರುಚಿದೆ. ಇಪ್ಪತ್ತು ವರ್ಷ ಕಾಡಿನಲ್ಲಿ ಒಣ ಎಲೆಯನ್ನೂ ಸದ್ದಾಗದಂತೆ ತುಳಿದವಳು ನಾನು. ಹಕ್ಕಿ ಸಿಡಿದು ಮೆಳೆಯೊಳಗೆ ಹೋಯಿತು.

"ಮೇಡಂ!" ಎಂದರು ಅಧಿಕಾರಿ.

"ಊದಪಾ," ಎಂದೆ ಹಿಡಿದವನಿಗೆ.

ಅವನಿಗೆ ಅರ್ಥವಾಗಲಿಲ್ಲ. ಆದರೂ ಊದಿದ. ಒಳಗಿನಿಂದ ಉತ್ತರ ಬಂತು. ನಾನು ಮತ್ತೆ ಹೆಂಟೆ ಎಸೆದು ಕಿರುಚಿದೆ. "ಇನ್ನೊಮ್ಮಿ ಊದು." ಈ ಸಲ ಉತ್ತರ ದೂರದಿಂದ, ಅರ್ಧ ಮಾತ್ರ ಬಂತು. ನಾನು ಮತ್ತೆ ಎಸೆದೆ. ಕರೆದವರ ಬಳಿ ಬರಬಾರದೆಂದು ಹಕ್ಕಿಗೆ ಕಲಿಸುತ್ತಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ತಲೆ ತಗ್ಗಿಸಿ, ಹೇಳಿಸಿಕೊಳ್ಳದೆಯೇ ಇನ್ನೊಮ್ಮೆ ಊದಿದ, ತನಗೆ ಬರುವ ಅತ್ಯಂತ ಚೆಂದದ ಸಿಳ್ಳೆಯನ್ನು. ನಾವು ಮೂವರೂ ನಿಂತು ಕೇಳಿದೆವು. ಹಳ್ಳದ ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಅಧಿಕಾರಿ ಹಾಳೆ ಬಿಡಿಸಿ ಪೆನ್ನು ತೆಗೆದರು. "ಏನ ಬರೀಲಿ ಮೇಡಂ?"

"ಕರೆದರ ಬರಲಿಲ್ಲ ಅಂತ ಬರೀರಿ," ಎಂದೆ. ಕೈಯ ಮಣ್ಣು ಒರೆಸಿಕೊಂಡು ಎರಡನೆಯ ಚೀಲ ಎತ್ತಿಕೊಂಡೆ.